ಮಗಳು ಒಂದು ದಿನ ಸೆನೆಟ್‌ನಲ್ಲಿ ಚೀಟಿ ಹೊತ್ತರೆ ಏನು ಸಿಗುತ್ತೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಅಟ್ಲಾಂಟಾ ಹತ್ತಿರದ ಆಲ್ಫರೆಟಾದಲ್ಲಿದ್ದೇವೆ. ಮಗಳಿಗೆ 13 ವರ್ಷ. ಅವಳ ಗೆಳತಿ ಜಾರ್ಜಿಯಾ ರಾಜ್ಯದ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಂದು ದಿನ ಪೇಜ್ ಆಗಿ ಕೆಲಸ ಮಾಡಿ ಬಂದಳಂತೆ. ಈಗ ಇವಳೂ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಸೆನೆಟರ್‌ಗಳಿಗೆ ಚೀಟಿ ತಲುಪಿಸೋದೇ ಕೆಲಸ ಅಂತ ಕೇಳಿದೆ. ಅಷ್ಟಕ್ಕೆ ಒಂದು ದಿನ ಶಾಲೆ ತಪ್ಪಿಸಬೇಕಾ? ನಾವು ಎಚ್-1ಬಿ ವೀಸಾದಲ್ಲಿರುವವರು. ಇಲ್ಲಿ ನಮಗೆ ವೋಟಿಲ್ಲ, ಯಾವ ಶಾಸಕರ ಪರಿಚಯವೂ ಇಲ್ಲ. ನಮ್ಮಂಥವರು ಕೇಳಿದರೆ ಅವಕಾಶ ಕೊಡ್ತಾರಾ? ನಮ್ಮ ಯಜಮಾನರು 'ಫೋಟೋಗೋಸ್ಕರ ಒಂದು ದಿನ ಹಾಳು' ಅಂತಾರೆ.

ಉತ್ತರ: ಕಳಿಸಿ. ಆದರೆ ಸಿಕ್ಕಿದ ದಿನ ಕಳಿಸಬೇಡಿ, ದಿನ ನೋಡಿ ಕಳಿಸಿ. ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ನಿಜ ಇದೆ. ಬೆಳಿಗ್ಗೆ ಹೋಗಿ, ಶಾಸಕರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಅದನ್ನು ವಾಟ್ಸಾಪ್‌ಗೆ ಹಾಕಿ ಮುಗಿಸೋದಾದರೆ ಮಗು ಆ ದಿನ ಶಾಲೆಯಲ್ಲೇ ಇರಲಿ. ಹಾಗಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ. ನಾನು ಇಲ್ಲಿನ ಮಕ್ಕಳಿಗೆ ಸಿವಿಕ್ಸ್ ಹೇಳಿಕೊಡುವವನು. ಪೇಜ್ ಆಗಿ ಹೋಗಿ ಬಂದ ಮಕ್ಕಳಲ್ಲಿ ಕೆಲವರಿಗೆ ಆ ದಿನ ಏನೂ ನೆನಪಿರುವುದಿಲ್ಲ. ಇನ್ನು ಕೆಲವರು ಮರುದಿನ ಕ್ಲಾಸಿಗೆ ಬಂದು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ. ಈ ವ್ಯತ್ಯಾಸ ಮಕ್ಕಳ ಬುದ್ಧಿಯಿಂದ ಬಂದದ್ದಲ್ಲ. ಹೋಗುವ ಮೊದಲು ಮನೆಯಲ್ಲಿ ಏನು ಮಾತಾಡಿದರು, ಯಾವ ದಿನ ಹೋದರು, ಅದರಿಂದ ಬಂದದ್ದು.

ಮೊದಲು ಶಾಲೆಯ ಚಿಂತೆ ಬಿಡಿ. ಜಾರ್ಜಿಯಾದ ಕಾನೂನಿನಲ್ಲೇ ಇದಕ್ಕೆ ಉತ್ತರ ಇದೆ. ಶಾಸನಸಭೆಯಲ್ಲಿ ಪೇಜ್ ಆಗಿ ಕೆಲಸ ಮಾಡಿದ ಮಗುವಿಗೆ ಶಾಲೆ ಆ ದಿನ ಹಾಜರಿ ಕೊಡಲೇಬೇಕು. ಶಾಲೆಯಿಂದ ಪ್ರವಾಸಕ್ಕೆ ಕರೆದುಕೊಂಡು ಹೋದರೆ ಹೇಗೋ ಹಾಗೆಯೇ ಲೆಕ್ಕ. ಅನುಮತಿ ಪಡೆದ ಗೈರುಹಾಜರಿ ಅಂತಲೂ ಬರೆಯುವಂತಿಲ್ಲ. ವಯಸ್ಸು 12 ತುಂಬಿರಬೇಕು, ನಿಮ್ಮ ಮಗಳಿಗೆ ತುಂಬಿದೆ. ಆ ದಿನ ಪರೀಕ್ಷೆ ಇಲ್ಲದಂತೆ ನೋಡಿಕೊಂಡು, ಶಾಲೆಯ ಕಚೇರಿಗೆ ಮೊದಲೇ ಒಂದು ಇಮೇಲ್ ಹಾಕಿ. ಅಷ್ಟೇ.

ಈಗ ಚೀಟಿಯ ವಿಷಯ. ನೀವು ಕೇಳಿದ್ದು ಸರಿ, ಮುಖ್ಯ ಕೆಲಸ ಅದೇ. ಆದರೆ ಆ ಚೀಟಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ತಿಳಿದರೆ ಅದನ್ನು ಸಣ್ಣ ಕೆಲಸ ಅನ್ನಲಾರಿರಿ.

ಶಾಸನಸಭೆ ಸೇರುವ ಅಟ್ಲಾಂಟಾದ ಕ್ಯಾಪಿಟಲ್ ಕಟ್ಟಡ 1889ರಲ್ಲಿ ಪೂರ್ತಿಯಾದದ್ದು. ಅದರ ಗುಮ್ಮಟಕ್ಕೆ ಹೊದಿಸಿದ ಚಿನ್ನದ ತಗಡು ಇದೇ ರಾಜ್ಯದ ಡಲಾನೆಗಾ ಊರಿನ ಚಿನ್ನ. ಗವರ್ನರ್ ಕಚೇರಿ ಎರಡನೇ ಮಹಡಿ, ಎರಡೂ ಸದನಗಳು ಮೂರನೇ ಮಹಡಿ, ಜನ ಕೂತು ನೋಡುವ ಗ್ಯಾಲರಿ ನಾಲ್ಕನೇ ಮಹಡಿ. ಸೆನೆಟ್‌ನಲ್ಲಿ 56 ಜನ, ಕೆಳಮನೆಯಲ್ಲಿ 180 ಜನ. ಸದನ ನಡೆಯುವಾಗ ಹೊರಗಿನವರು ಒಳಗೆ ಹೋಗುವಂತಿಲ್ಲ. ಬಾಗಿಲ ಹೊರಗೆ ಅಡ್ಡವಾಗಿ ಹಗ್ಗ ಕಟ್ಟಿರುತ್ತಾರೆ. ಹಗ್ಗದ ಈಚೆ ನೂರಾರು ಜನ. ಆಸ್ಪತ್ರೆಗಳ ಪರವಾಗಿ ಬಂದವರು, ವಿಮಾ ಕಂಪನಿಯವರು, ಟೀಚರ್‌ಗಳ ಸಂಘದವರು, ಕಡಲೆಕಾಯಿ ಬೆಳೆಗಾರರು, ಅಂಗವಿಕಲ ಮಗುವಿಗೆ ನೆರವು ಕೇಳಲು ಬಂದ ತಾಯಿ. ಸಂಬಳಕ್ಕೆ ಲಾಬಿ ಮಾಡುವವರು ಹೆಸರು ನೋಂದಾಯಿಸಿ ಎದೆಗೆ ಬ್ಯಾಡ್ಜ್ ಹಾಕಿಕೊಂಡೇ ಬರಬೇಕು ಅನ್ನೋದು ಇಲ್ಲಿನ ನಿಯಮ. ಒಳಗಿರುವ ಸದಸ್ಯರ ಜೊತೆ ಮಾತಾಡಬೇಕಾದರೆ ಇವರೆಲ್ಲರೂ ಮಾಡುವುದು ಒಂದೇ ಕೆಲಸ. ಒಂದು ಚೀಟಿಯ ಮೇಲೆ ತಮ್ಮ ಹೆಸರು, ಸದಸ್ಯರ ಹೆಸರು ಬರೆದು ಕೊಡುತ್ತಾರೆ. ಅದನ್ನು ಹಿಡಿದು ಒಳಗೆ ಹೋಗುವುದು ನಿಮ್ಮ ಮಗಳು.

ಕೋಟಿಗಟ್ಟಲೆ ವ್ಯವಹಾರದ ಕಂಪನಿಯವನ ಚೀಟಿಯೂ ಆ ತಾಯಿಯ ಚೀಟಿಯೂ ಅವಳ ಕೈಯಲ್ಲಿ ಒಂದೇ ಅಳತೆಯ ಕಾಗದ. ಒಳಗೆ ಹೋದ ಮೇಲೆ ಏನಾಗುತ್ತೆ ಅನ್ನೋದನ್ನು ಅವಳು ಕಣ್ಣಾರೆ ನೋಡುತ್ತಾಳೆ. ಒಬ್ಬ ಸೆನೆಟರ್ ಚೀಟಿ ಓದಿ ತಕ್ಷಣ ಎದ್ದು ಹೊರಗೆ ಬರುತ್ತಾರೆ. ಇನ್ನೊಬ್ಬರು ಮಡಚಿ ಜೇಬಿಗಿಡುತ್ತಾರೆ. ಮತ್ತೊಬ್ಬರು 'ಐದು ನಿಮಿಷ ಅಂತ ಹೇಳಮ್ಮ' ಎಂದು ಕಳಿಸುತ್ತಾರೆ. ಯಾರ ಮೇಜಿಗೆ ಚೀಟಿಗಳ ಸಾಲು, ಯಾರ ಮೇಜಿಗೆ ಒಂದೂ ಇಲ್ಲ, ಇದು ಗ್ಯಾಲರಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಟೀವಿಯಲ್ಲಂತೂ ಇಲ್ಲವೇ ಇಲ್ಲ. ಪುಸ್ತಕದಲ್ಲಿ ಮಸೂದೆ ಹೇಗೆ ಕಾನೂನಾಗುತ್ತೆ ಅಂತ ಬಾಣದ ಗುರುತು ಹಾಕಿ ತೋರಿಸಿರುತ್ತಾರಲ್ಲ, ಆ ಬಾಣಗಳ ನಡುವಿನ ಜಾಗದಲ್ಲಿ ಅವಳು ಆ ದಿನ ಓಡಾಡುತ್ತಾಳೆ. ನನ್ನ ಪ್ರಕಾರ ಶಾಲೆಯ ಒಂದು ದಿನಕ್ಕಿಂತ ಇದು ಜಾಸ್ತಿ ಕಲಿಸುತ್ತೆ, ಕಣ್ಣು ಬಿಟ್ಟು ನೋಡಿದರೆ.

ಎಲ್ಲರ ಕೈಯಲ್ಲೂ ಫೋನ್ ಇರುವಾಗ ಚೀಟಿ ಯಾಕೆ ಅಂತ ನಿಮ್ಮ ಯಜಮಾನರು ಕೇಳಬಹುದು. ಒಳ್ಳೆಯ ಪ್ರಶ್ನೆ. ವಾಷಿಂಗ್ಟನ್‌ನ ಸಂಸತ್ತಿನ ಕೆಳಮನೆ ಇದೇ ಪ್ರಶ್ನೆ ಕೇಳಿಕೊಂಡು 2011ರಲ್ಲಿ ತನ್ನ ಪೇಜ್ ವ್ಯವಸ್ಥೆಯನ್ನು ನಿಲ್ಲಿಸಿಬಿಟ್ಟಿತು. ವರ್ಷಕ್ಕೆ 50 ಲಕ್ಷ ಡಾಲರಿಗೂ ಹೆಚ್ಚು ಖರ್ಚು, ಸಂದೇಶಗಳೆಲ್ಲ ಇಮೇಲಿನಲ್ಲೇ ಬರುತ್ತಿವೆ ಅನ್ನೋದು ಅವರ ಕಾರಣ. ಅಲ್ಲಿನ ಸೆನೆಟ್ ಮಾತ್ರ ಉಳಿಸಿಕೊಂಡಿದೆ. ರಾಜ್ಯಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೂಪದಲ್ಲಿ ಮುಂದುವರಿಸಿವೆ. ಮೆಸೇಜನ್ನು ನೋಡದೆ ಬಿಡೋದು ಸುಲಭ. ಚೀಟಿ ಬಂತು ಅಂದರೆ ಒಬ್ಬ ಮನುಷ್ಯ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದಾನೆ ಅಂತ ಅರ್ಥ. ಅದನ್ನು ತಂದ ಮಗು ಉತ್ತರಕ್ಕಾಗಿ ಎದುರಿಗೇ ನಿಂತಿರುತ್ತೆ. ಮಗುವಿನ ಮುಖ ನೋಡಿಕೊಂಡು ಚೀಟಿಯನ್ನು ಬದಿಗೆ ಸರಿಸುವುದು ಕಷ್ಟ. ಕಾಗದದ ಪದ್ಧತಿ ಉಳಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮೂರಿನ ಪದ್ಧತಿ ಬೇರೆ. ವಿಧಾನಸೌಧದಲ್ಲಿ ಸದನದ ಒಳಗಿನ ಓಡಾಟವೆಲ್ಲ ಮಾರ್ಷಲ್‌ಗಳು, ದಲಾಯತ್‌ಗಳು, ಸಚಿವಾಲಯದ ಸಿಬ್ಬಂದಿಯದು. ಶಾಲಾ ಮಕ್ಕಳು ಬಂದರೆ ಗ್ಯಾಲರಿ ತನಕ. ಬೆಳಗಾವಿಯ ಸುವರ್ಣಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಸುತ್ತಲಿನ ಶಾಲೆಗಳ ಮಕ್ಕಳು ಬಂದು ಕಲಾಪ ನೋಡಿ ಹೋಗುತ್ತಾರೆ, ಅದೂ ಒಳ್ಳೆಯದೇ. ಆದರೆ ಮೇಲಿಂದ ನೋಡುವುದಕ್ಕೂ ಸದಸ್ಯರ ಕುರ್ಚಿಗಳ ಮಧ್ಯೆ ಕೆಲಸ ಹಿಡಿದು ನಡೆಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನೀವು ಹುಡುಗಿಯಾಗಿದ್ದಾಗ ಇಂಥ ಅವಕಾಶ ಇರಲಿಲ್ಲ. ನಿಮ್ಮ ಮಗಳಿಗೆ ಇದೆ.

ವೀಸಾ, ವೋಟು, ಪರಿಚಯ ಅಂತ ಮೂರು ಅಡ್ಡಿ ಹೇಳಿದ್ದೀರಿ. ಮೂರನ್ನೂ ನೋಡೋಣ.

ನಿಮಗೆ ವೋಟಿಲ್ಲ ನಿಜ. ಆದರೆ ಕ್ಷೇತ್ರಗಳ ಗಡಿ ಬರೆಯುವಾಗ ನಿಮ್ಮನ್ನು ಎಣಿಸಿಯೇ ಬರೆಯುತ್ತಾರೆ. ಇಲ್ಲಿನ ಜನಗಣತಿ ಪೌರರನ್ನು ಮಾತ್ರ ಎಣಿಸುವುದಿಲ್ಲ, ವಾಸವಿರುವ ಎಲ್ಲರನ್ನೂ ಎಣಿಸುತ್ತೆ. 2020ರ ಗಣತಿಯಲ್ಲಿ ಜಾರ್ಜಿಯಾದ ಜನಸಂಖ್ಯೆ 1 ಕೋಟಿ 7 ಲಕ್ಷ. ಅದನ್ನು 180ರಿಂದ ಭಾಗಿಸಿದರೆ ಕೆಳಮನೆಯ ಒಬ್ಬ ಸದಸ್ಯನಿಗೆ ಸುಮಾರು 60 ಸಾವಿರ ಜನ. ಸೆನೆಟರ್‌ಗೆ ಸುಮಾರು 1 ಲಕ್ಷ 90 ಸಾವಿರ. ಕರ್ನಾಟಕದಲ್ಲಿ 2011ರ ಗಣತಿಯ 6 ಕೋಟಿ 11 ಲಕ್ಷವನ್ನು 224 ಶಾಸಕರಿಗೆ ಹಂಚಿದರೆ ತಲಾ 2 ಲಕ್ಷ 70 ಸಾವಿರದ ಮೇಲೆ ಬರುತ್ತೆ. ಅಂದರೆ ಇಲ್ಲಿನ ಪ್ರತಿನಿಧಿ ನಿಮಗೆ ತುಂಬಾ ಹತ್ತಿರದವರು. ಇಮೇಲ್ ಬರೆದರೆ ಉತ್ತರ ಬರುವಷ್ಟು ಹತ್ತಿರ. ನೀವೂ ಅವರ ಕ್ಷೇತ್ರದ ಜನ. ಸಂಕೋಚ ಬೇಡ.

ವೀಸಾ ವಿಷಯದಲ್ಲಿ ಒಂದೇ ಎಚ್ಚರಿಕೆ. ಕೆಲವು ರಾಜ್ಯಗಳಲ್ಲಿ ಪೇಜ್ ಮಕ್ಕಳಿಗೆ ಸಣ್ಣ ಮೊತ್ತ ಕೊಡುತ್ತಾರೆ. ಎಚ್-4ರಲ್ಲಿರುವ (ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ) ಮಗು ಕೆಲಸ ಮಾಡಿ ಸಂಬಳ ಪಡೆಯುವಂತಿಲ್ಲ. ಆದ್ದರಿಂದ ಅರ್ಜಿಯ ಜೊತೆಗೇ ಮಗಳ ವೀಸಾ ಯಾವುದು ಅಂತ ಒಂದು ಸಾಲು ಬರೆದು, ಏನಾದರೂ ಹಣ ಕೊಡುವ ಪದ್ಧತಿ ಇದ್ದರೆ ನಮಗೆ ಬೇಡ, ಸ್ವಯಂಸೇವಕಳಾಗಿ ಬರುತ್ತಾಳೆ ಅಂತ ತಿಳಿಸಿಬಿಡಿ. ಮುಚ್ಚಿಡುವಂಥದ್ದೇನೂ ಇಲ್ಲ. ಮೊದಲೇ ಹೇಳಿದರೆ ಎಲ್ಲರಿಗೂ ನೆಮ್ಮದಿ.

ಪರಿಚಯದ ಮಾತು ಮಾತ್ರ ನನ್ನನ್ನು ಕಾಡುತ್ತೆ. ಪೇಜ್ ಪದ್ಧತಿ ಹುಟ್ಟಿದ್ದೇ ಪರಿಚಯದಿಂದ. 1829ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ತಮಗೆ ಬೇಕಾದ ಗ್ರಾಫ್ಟನ್ ಹ್ಯಾನ್ಸನ್ ಎಂಬ 9 ವರ್ಷದ ಹುಡುಗನನ್ನು ವಾಷಿಂಗ್ಟನ್‌ನ ಸೆನೆಟ್‌ಗೆ ತಂದು ಸೇರಿಸಿದರು. ಆಮೇಲೆ ಅಲ್ಲಿ ಕಪ್ಪು ಹುಡುಗನೊಬ್ಬ ಪೇಜ್ ಆಗಲು 1965 ಬರಬೇಕಾಯಿತು. ಹುಡುಗಿಯರು ಬಂದದ್ದು 1971ರಲ್ಲಿ. ಇವತ್ತಿಗೂ ರಾಜ್ಯಗಳಲ್ಲಿ ಮಗುವಿನ ಹೆಸರು ಹೋಗುವುದು ಸದಸ್ಯರ ಮೂಲಕವೇ. ಅಪ್ಪ ಅಮ್ಮನಿಗೆ ರಾಜಕೀಯದವರ ಒಡನಾಟ ಇದ್ದರೆ ಮಕ್ಕಳಿಗೆ ಇದು ತಾನಾಗೇ ಗೊತ್ತಾಗುತ್ತೆ. ಉಳಿದವರಿಗೆ ಇಂಥದ್ದೊಂದು ಇದೆ ಅಂತಲೇ ತಿಳಿಯುವುದಿಲ್ಲ. ಬಾಗಿಲು ಮುಚ್ಚಿಲ್ಲ. ಹೊರಗಿನವರು ತಟ್ಟುವುದಿಲ್ಲ, ಅದೇ ತೊಂದರೆ. ಅದಕ್ಕೇ ನಿಮ್ಮಂಥವರು ಕೇಳಬೇಕು. ಕೇಳುವಾಗ ನಿಮ್ಮ ಕನ್ನಡ ಶಾಲೆಯ ಇತರ ಮಕ್ಕಳಿಗೂ ಹೇಳಿ. ಪಕ್ಕದ ಮನೆಯ ಮೆಕ್ಸಿಕೋದ ಹುಡುಗನಿಗೂ ಹೇಳಿ.

ಕೇಳುವ ದಾರಿ ಸರಳ. ಸರ್ಕಾರದ ಜಾಲತಾಣದಲ್ಲಿ ಮನೆ ವಿಳಾಸ ಹಾಕಿದರೆ ನಿಮ್ಮ ಸೆನೆಟರ್ ಯಾರು, ಕೆಳಮನೆಯ ಸದಸ್ಯರು ಯಾರು ಅಂತ ಬರುತ್ತೆ. ಇಬ್ಬರ ಕಚೇರಿಗೂ ಬರೆಯಿರಿ. ಪಕ್ಷ ನೋಡಬೇಡಿ. ಪತ್ರವನ್ನು ಮಗಳೇ ಬರೆಯಲಿ, ನೀವು ತಿದ್ದಬೇಡಿ. ಯಾಕೆ ಬರಬೇಕು ಅಂತ ಎರಡು ಸಾಲು ಸಾಕು. ಅಧಿವೇಶನ ಶುರುವಾಗುವುದು ಜನವರಿಯ ಎರಡನೇ ಸೋಮವಾರ. ದಿನಕ್ಕೆ ಇಷ್ಟೇ ಮಕ್ಕಳು ಅಂತ ಮಿತಿ ಇರುವುದರಿಂದ ನವೆಂಬರ್, ಡಿಸೆಂಬರ್‌ನಲ್ಲೇ ಕೇಳಿಬಿಡಿ. ಫೆಬ್ರವರಿಯಲ್ಲಿ ನೆನಪಾದರೆ ಒಳ್ಳೆಯ ದಿನಗಳು ಹೋಗಿರುತ್ತವೆ.

ದಿನದ ಆಯ್ಕೆಗೆ ಬರೋಣ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಾರ್ಜಿಯಾದ ಸಂವಿಧಾನದ ಪ್ರಕಾರ ಸಭೆ ವರ್ಷಕ್ಕೆ 40 ದಿನ ಮಾತ್ರ ಸೇರಬಹುದು. ಇದು ಕ್ಯಾಲೆಂಡರಿನ 40 ದಿನ ಅಲ್ಲ. ಸದನ ಕೂತ ದಿನ ಮಾತ್ರ ಲೆಕ್ಕಕ್ಕೆ. ಹಾಗಾಗಿ ಜನವರಿಯಲ್ಲಿ ಶುರುವಾದದ್ದು ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಮುಗಿಯುತ್ತೆ. ಯಾವ ತಾರೀಖು ಎಷ್ಟನೇ ದಿನ ಅನ್ನೋದನ್ನು ಎರಡೂ ಸದನಗಳು ಸೇರಿ ನಿರ್ಣಯ ಮಾಡಿ ಪ್ರಕಟಿಸುತ್ತವೆ. ಆ ಪಟ್ಟಿ ನೋಡದೆ ದಿನ ಕೇಳಬೇಡಿ.

ಮೊದಲ ಕೆಲವು ದಿನ ಸದನದಲ್ಲಿ ಕೆಲಸ ಕಡಿಮೆ. ಪ್ರಾರ್ಥನೆ, ಧ್ವಜಕ್ಕೆ ಪ್ರತಿಜ್ಞೆ, ಮಸೂದೆಗಳ ಹೆಸರು ಓದುವುದು, ಯಾರಿಗೋ ಸನ್ಮಾನ, ಅಷ್ಟರಲ್ಲಿ ಮುಂದೂಡಿಕೆ. ಮಸೂದೆಗಳು ಇನ್ನೂ ಸಮಿತಿಗಳಲ್ಲಿರುತ್ತವೆ. ಫೋಟೋ ಮಾತ್ರ ಸಿಗುವ ದಿನಗಳು ಅಂದರೆ ಇವೇ. ಇನ್ನು 28ನೇ ದಿನಕ್ಕೆ ಕ್ರಾಸ್‌ಓವರ್ ಡೇ ಅನ್ನುತ್ತಾರೆ. ಒಂದು ಸದನದ ಮಸೂದೆ ಆ ದಿನದೊಳಗೆ ಪಾಸಾಗಿ ಇನ್ನೊಂದು ಸದನಕ್ಕೆ ದಾಟದಿದ್ದರೆ ಆ ವರ್ಷಕ್ಕೆ ಹೆಚ್ಚುಕಡಿಮೆ ಅದರ ಕಥೆ ಮುಗಿಯಿತು. ಆ ದಿನ ಬೆಳಿಗ್ಗೆಯಿಂದ ರಾತ್ರಿ ತನಕ ಗಲಾಟೆ. 40ನೇ ದಿನ, ಅಂದರೆ ಕೊನೆಯ ದಿನ, ಇನ್ನೂ ಜೋರು. ನಡುರಾತ್ರಿ ಸಭೆ ಮುಗಿದಾಗ ಸದಸ್ಯರು ಕಾಗದ ಹರಿದು ಗಾಳಿಗೆ ತೂರುತ್ತಾರೆ. ನೋಡಲು ಚೆನ್ನ, ಆದರೆ 13 ವರ್ಷದ ಮಗುವಿಗೆ ಏನು ನಡೀತಿದೆ ಅಂತ ಯಾರೂ ನಿಂತು ಹೇಳುವಷ್ಟು ಪುರುಸೊತ್ತು ಅಲ್ಲಿರುವುದಿಲ್ಲ.

ನನ್ನ ಸಲಹೆ, 20ರಿಂದ 27ನೇ ದಿನದ ಒಳಗೆ ಒಂದು ದಿನ ಕೇಳಿ. ಸಿಗದಿದ್ದರೆ 30ರ ಆಸುಪಾಸು. ಆಗ ಸದನದಲ್ಲಿ ನಿಜವಾದ ಚರ್ಚೆ ಇರುತ್ತೆ, ಮತಕ್ಕೆ ಹಾಕುತ್ತಾರೆ, ಹಗ್ಗದ ಹೊರಗೆ ಜನ ತುಂಬಿರುತ್ತಾರೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ಹಸಿರು, ಕೆಂಪು ದೀಪ ಹತ್ತುವುದನ್ನು ಅವಳು ನೋಡಬೇಕು. ಒಂದು ವಿಷಯ ಮೊದಲೇ ಹೇಳಿಕೊಡಿ. ಇಲ್ಲಿ ಮಸೂದೆ ಪಾಸಾಗಲು ಆ ದಿನ ಬಂದವರಲ್ಲಿ ಬಹುಮತ ಸಾಲದು, ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಬೇಕು. ಸೆನೆಟ್‌ನಲ್ಲಿ 29, ಕೆಳಮನೆಯಲ್ಲಿ 91. ಅಂದರೆ ಬರದೇ ಉಳಿದವನು ಬೇಡ ಅಂದ ಹಾಗೆಯೇ. ಇದು ತಿಳಿದಿದ್ದರೆ, ಮತದ ಹೊತ್ತಿಗೆ ಹೊರಗೆ ನಿಂತ ಸದಸ್ಯರನ್ನು ಒಳಗೆ ಕರೆಸಲು ಯಾಕೆ ಅಷ್ಟು ಅವಸರ ಅನ್ನೋದು ಅವಳಿಗೆ ಅಲ್ಲೇ ಅರ್ಥವಾಗುತ್ತೆ.

ಹಿಂದಿನ ವಾರ ಮನೆಯಲ್ಲಿ ಎರಡು ಕೆಲಸ ಮಾಡಿ. ಒಂದು, ಯಾವುದಾದರೂ ಒಂದು ಮಸೂದೆಯನ್ನು ಅವಳೇ ಆರಿಸಿಕೊಳ್ಳಲಿ. ಶಾಲೆಯಲ್ಲಿ ಫೋನ್ ಬಳಕೆ, ಬಸ್ಸು, ನೀರು, ನಾಯಿ ಬೆಕ್ಕು, ಯಾವುದಾದರೂ ಸರಿ. ಅದರ ಸಂಖ್ಯೆ ಬರೆದಿಟ್ಟುಕೊಳ್ಳಲಿ, ಯಾರು ತಂದದ್ದು, ಯಾರು ಬೇಡ ಅನ್ನುತ್ತಿದ್ದಾರೆ ಅಂತ ಓದಲಿ. ಸೆನೆಟರ್ ಜೊತೆ ಎರಡು ನಿಮಿಷ ಸಿಕ್ಕಾಗ 'ನಿಮ್ಮ ಇಷ್ಟದ ಬಣ್ಣ ಯಾವುದು' ಅಂತ ಕೇಳುವ ಬದಲು ಆ ಮಸೂದೆ ಬಗ್ಗೆ ಕೇಳಬಹುದು.

ಎರಡನೆಯದು, ಆ ಸಭೆಯ ಇತಿಹಾಸದ ಎರಡು ಘಟನೆ ಹೇಳಿ. ಎರಡೂ ಕಹಿ, ಹೇಳಲೇಬೇಕಾದವು. ಅಂತರ್ಯುದ್ಧ ಮುಗಿದ ಮೇಲೆ 1868ರಲ್ಲಿ ಜಾರ್ಜಿಯಾದ ಶಾಸನಸಭೆಗೆ ಮೊದಲ ಸಲ ಕಪ್ಪು ಜನರು ಆಯ್ಕೆಯಾಗಿ ಬಂದರು. ಕೆಲವೇ ತಿಂಗಳಲ್ಲಿ ಬಿಳಿಯ ಸದಸ್ಯರು ಸೇರಿಕೊಂಡು ಅವರನ್ನು ಹೊರಹಾಕಿದರು. ಮತದಾರರಾಗಬಹುದು, ಅಧಿಕಾರ ಹಿಡಿಯುವ ಹಕ್ಕಿಲ್ಲ ಅನ್ನೋದು ಅವರ ವಾದ. ಆ 33 ಜನರ ನೆನಪಿಗೆ ಕ್ಯಾಪಿಟಲ್ ಆವರಣದಲ್ಲಿ ಒಂದು ಶಿಲ್ಪ ಇದೆ. ಬಣ್ಣದ ಕಾರಣಕ್ಕೆ ಹೊರಹಾಕಿದರು ಅಂತ ಅದರ ಹೆಸರೇ ಹೇಳುತ್ತೆ. ಸುಮಾರು ನೂರು ವರ್ಷ ಆದ ಮೇಲೆ, 1965ರಲ್ಲಿ, ಜೂಲಿಯನ್ ಬಾಂಡ್ ಎಂಬ 25 ವರ್ಷದ ಕಪ್ಪು ಯುವಕ ಕೆಳಮನೆಗೆ ಗೆದ್ದರು. ವಿಯೆಟ್ನಾಂ ಯುದ್ಧದ ವಿರುದ್ಧದ ಹೇಳಿಕೆಯನ್ನು ಬೆಂಬಲಿಸಿದರು ಅಂತ 1966ರ ಜನವರಿಯಲ್ಲಿ ಸದನ 184–12 ಮತದಿಂದ ಅವರಿಗೆ ಕುರ್ಚಿ ಕೊಡಲು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಜನಪ್ರತಿನಿಧಿಗೂ ತನ್ನ ಅಭಿಪ್ರಾಯ ಹೇಳುವ ಹಕ್ಕಿದೆ, ಅದಕ್ಕಾಗಿ ಹೊರಗಿಡುವಂತಿಲ್ಲ ಅಂತ. ಬಾಂಡ್ ಬಂದು ಕೂತರು. ಮುಂದೆ 1987ರ ತನಕ ಎರಡೂ ಸದನಗಳಲ್ಲಿ ಕೆಲಸ ಮಾಡಿದರು. ಬಾಂಡ್‌ಗೆ ಕೂರಲು ಬಿಡದ ಸದನ ಅವಳು ಓಡಾಡುವ ಅದೇ ಕಟ್ಟಡದಲ್ಲಿದೆ. ನೆಲದ ಕಲ್ಲು ನೋಡಿ ಬರುವುದಕ್ಕಿಂತ ಇದನ್ನು ತಿಳಿದು ಹೋಗುವುದು ಮೇಲು.

ಉಡುಪು ಅಚ್ಚುಕಟ್ಟಾಗಿರಲಿ, ಜೀನ್ಸ್ ಬೇಡ. ಶೂ ಹಳೆಯದೇ ಇರಲಿ. ಇಡೀ ಹೊತ್ತು ಕಲ್ಲಿನ ನೆಲದ ಮೇಲೆ ನಡೆಯಬೇಕು, ಹೊಸ ಶೂ ಕಾಲು ಕಚ್ಚುತ್ತೆ. ಕಾರಿನಲ್ಲಿ ಹೋಗಿ ಪಾರ್ಕಿಂಗ್ ಹುಡುಕಬೇಡಿ. ನಾರ್ತ್ ಸ್ಪ್ರಿಂಗ್ಸ್‌ನಲ್ಲಿ ಮಾರ್ಟಾ ರೈಲು ಹತ್ತಿ, ಫೈವ್ ಪಾಯಿಂಟ್ಸ್‌ನಲ್ಲಿ ಬದಲಿಸಿದರೆ ಮುಂದಿನ ನಿಲ್ದಾಣವೇ ಜಾರ್ಜಿಯಾ ಸ್ಟೇಟ್, ಕ್ಯಾಪಿಟಲ್ ಅಲ್ಲೇ ಪಕ್ಕದಲ್ಲಿ. ಅವಳು ಕೆಲಸ ಮಾಡುವಾಗ ನೀವು ನಾಲ್ಕನೇ ಮಹಡಿಯ ಗ್ಯಾಲರಿಯಲ್ಲಿ ಕೂತು ನೋಡಿ. ಮಗಳಿಗೆ ಕೈ ಬೀಸಬೇಡಿ. ಆ ಹೊತ್ತು ಅವಳು ಕೆಲಸದಲ್ಲಿರುತ್ತಾಳೆ. ಅದೇ ಮಹಡಿಯ ಪುಟ್ಟ ಮ್ಯೂಸಿಯಂನಲ್ಲಿ ಎರಡು ತಲೆಯ ಕರುವೊಂದಿದೆ. ಮುಗಿದ ಮೇಲೆ ತೋರಿಸಿ, ಮಕ್ಕಳು ಅದನ್ನು ಮರೆಯುವುದಿಲ್ಲ.

ಬೇರೆ ರಾಜ್ಯಗಳಲ್ಲಿರುವ ಓದುಗರಿಗೆ ಒಂದು ಮಾತು. ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ಇಂಡಿಯಾನಾದಲ್ಲೂ ಒಂದು ದಿನದ ಪೇಜ್ ಇದೆ. ವಾಷಿಂಗ್ಟನ್ ರಾಜ್ಯದಲ್ಲಿ, ಅಂದರೆ ಸಿಯಾಟಲ್ ಕಡೆಯವರಿಗೆ, ಒಂದು ವಾರ. ವರ್ಜೀನಿಯಾದಲ್ಲಿ 13–14 ವರ್ಷದ ಮಕ್ಕಳು ಇಡೀ ಅಧಿವೇಶನದ ಉದ್ದಕ್ಕೂ ರಿಚ್‌ಮಂಡ್‌ನಲ್ಲೇ ಉಳಿದು ಕೆಲಸ ಮಾಡುತ್ತಾರೆ, ಅದಕ್ಕೆ ಸ್ಪರ್ಧೆಯೂ ಜಾಸ್ತಿ. ಎಲ್ಲ ಕಡೆಯೂ ಶುರು ಮಾಡಬೇಕಾದದ್ದು ನಿಮ್ಮ ಕ್ಷೇತ್ರದ ಸದಸ್ಯರ ಕಚೇರಿಯಿಂದಲೇ.

ಇದರಿಂದ ಮುಂದೆ ರಾಜಕೀಯಕ್ಕೆ ಹೋಗುತ್ತಾಳಾ ಅಂತ ಲೆಕ್ಕ ಹಾಕಬೇಡಿ. ಬಿಲ್ ಗೇಟ್ಸ್ 1972ರಲ್ಲಿ ಸಂಸತ್ತಿನಲ್ಲಿ ಪೇಜ್ ಆಗಿದ್ದರು, ಹೋದದ್ದು ಕಂಪ್ಯೂಟರ್ ಕಡೆಗೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಓದಲು ಅಮೆರಿಕಕ್ಕೆ ಬಂದದ್ದು ದೊಡ್ಡವರಾದ ಮೇಲೆ. ಅವರು ಮಿಷಿಗನ್ ರಾಜ್ಯದ ಕೆಳಮನೆ ಸೇರಿ, 2023ರಲ್ಲಿ ಸಂಸತ್ತಿಗೇ ಹೋದರು. ಕಾಲೇಜು ಅರ್ಜಿಯಲ್ಲಿ ಬರೆದುಕೊಳ್ಳಲು ಅಂತ ಕಳಿಸುವುದಂತೂ ಬೇಡವೇ ಬೇಡ. ಒಂದು ದಿನದ ಕೆಲಸಕ್ಕೆ ಅಲ್ಲಿ ಹೆಚ್ಚಿನ ಬೆಲೆ ಇಲ್ಲ.

ಮನೆಗೆ ಬಂದ ರಾತ್ರಿ ಅವಳನ್ನು ಮಾತಾಡಲು ಬಿಡಿ. ಎಷ್ಟು ಚೀಟಿ ಕೊಟ್ಟೆ ಅಂತ ಕೇಳಬೇಡಿ. ಯಾರ ಚೀಟಿಗೆ ಉತ್ತರ ಬರಲಿಲ್ಲ ಅಂತ ಕೇಳಿ. ಅವಳು ಆರಿಸಿಕೊಂಡ ಮಸೂದೆಯನ್ನು ಬಿಡಬೇಡಿ. ಅದು ಎರಡೂ ಸದನ ದಾಟಿದರೆ, ಅಧಿವೇಶನ ಮುಗಿದ ಮೇಲೂ ಸಹಿ ಹಾಕಲು ಅಥವಾ ತಿರಸ್ಕರಿಸಲು ಗವರ್ನರ್‌ಗೆ 40 ದಿನ ಸಮಯ ಇದೆ. ಅಂದರೆ ಮೇ ತಿಂಗಳ ತನಕ ಕಾಯಬೇಕು. ಅವಳೇ ವಾರಕ್ಕೊಮ್ಮೆ ನೋಡುತ್ತಿರಲಿ.